1,72,000 ಕಿಲೋಮೀಟರ್ ಓಡಿದ ಕಾರಿನ ಸಸ್ಪೆನ್ಷನ್: ಅಂಗಳದಲ್ಲಿ ಎಷ್ಟು, ಗ್ಯಾರೇಜಿನಲ್ಲಿ ಎಷ್ಟು?

ಪ್ರಶ್ನೆ: ನಾನು ಕಟಪಾಡಿಯವನು. ನನ್ನ 2010ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು 1,72,000 ಕಿಲೋಮೀಟರ್ ಓಡಿದೆ. ಉದ್ಯೋಗದ ನಿಮಿತ್ತ ದಿನವೂ ಹೆದ್ದಾರಿಯಲ್ಲಿ ಸುರತ್ಕಲ್‌ಗೆ ಹೋಗಿಬರುತ್ತೇನೆ. ಈ ಮಳೆಗಾಲ ಮುಗಿದ ಮೇಲೆ ಮುಂದಿನ ಎಡಬದಿಯಿಂದ ಸಣ್ಣಪುಟ್ಟ ಗುಂಡಿಗಳಲ್ಲಿ ಕಟಕಟ ಶಬ್ದ ಬರುತ್ತಿದೆ. ಹಂಪ್ ದಾಟುವಾಗ ಬರುವುದಿಲ್ಲ. ಬ್ರೇಕ್ ಒತ್ತಿದಾಗ ಒಮ್ಮೆ ‘ಟಕ್’ ಎನ್ನುತ್ತದೆ. ಗ್ಯಾರೇಜಿನವರು ನಾಲ್ಕೂ ಶಾಕ್ ಅಬ್ಸಾರ್ಬರ್, ಎರಡೂ ಲೋವರ್ ಆರ್ಮ್, ಲಿಂಕ್, ಟೈ ರಾಡ್ ಎಂಡ್ ಬದಲಿಸಬೇಕೆಂದು ಪಟ್ಟಿ ಕೊಟ್ಟಿದ್ದಾರೆ. ಎಂಜಿನಿಯರಿಂಗ್ ಓದುವ ಮಗ ದೀಪಾವಳಿ ರಜೆಯಲ್ಲಿ ಮನೆಯಲ್ಲೇ ಮಾಡೋಣ ಎನ್ನುತ್ತಾನೆ. ಮಾಡಬಹುದೆ? ಯಾವುದರಿಂದ ಆರಂಭಿಸಬೇಕು?

ಉತ್ತರ: ಮಾಡಬಹುದು, ಆದರೆ ಪಟ್ಟಿಯಲ್ಲಿರುವ ಎಲ್ಲವನ್ನೂ ಅಲ್ಲ. ಲಿಂಕ್, ಲೋವರ್ ಆರ್ಮ್ ಹಾಗೂ ಹಿಂದಿನ ಶಾಕ್ ಅಬ್ಸಾರ್ಬರ್‌ಗಳು ಗಟ್ಟಿ ನೆಲ, ಸರಿಯಾದ ಉಪಕರಣ ಮತ್ತು ಎರಡು ದಿನಗಳ ಬಿಡುವು ಇರುವ ಮನೆಯಲ್ಲಿ ಆಗುವ ಕೆಲಸಗಳು. ಮುಂದಿನ ಸ್ಟ್ರಟ್ಟನ್ನು, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಕಂಬವನ್ನು, ಕಾರಿನಿಂದ ಇಳಿಸುವವರೆಗೆ ನಿಮ್ಮ ಕೆಲಸ, ಅದರ ಸ್ಪ್ರಿಂಗ್ ಬಿಚ್ಚುವುದು ಗ್ಯಾರೇಜಿನ ಕೆಲಸ. ಆದರೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವುದಕ್ಕೂ ಮೊದಲು ಹೇಳಬೇಕಾದ ಒಂದು ಮಾತಿದೆ. ನಿಮ್ಮ ಪತ್ರದಲ್ಲಿ ಎರಡು ಶಬ್ದಗಳ ವಿವರವಿದೆ. ಅವುಗಳಲ್ಲಿ ಒಂದೂ ಶಾಕ್ ಅಬ್ಸಾರ್ಬರಿನ ಶಬ್ದದಂತೆ ನನಗೆ ಕಾಣುವುದಿಲ್ಲ. ಪಟ್ಟಿ ಕೊಟ್ಟವರು ಮೋಸ ಮಾಡಿದ್ದಾರೆಂದು ಇದರ ಅರ್ಥವಲ್ಲ. ಇಷ್ಟು ಓಡಿದ ಕಾರಿನಲ್ಲಿ ಎಲ್ಲವನ್ನೂ ಒಟ್ಟಿಗೆ ಬದಲಿಸಿಬಿಟ್ಟರೆ ಗಿರಾಕಿ ಅದೇ ದೂರನ್ನು ಹೊತ್ತು ಮರಳಿ ಬರುವುದಿಲ್ಲ ಎಂಬುದು ಗ್ಯಾರೇಜಿನವರ ಲೆಕ್ಕ. ಮನೆಯಲ್ಲಿ ಮಾಡುವವರ ಲೆಕ್ಕ ಬೇರೆಯೇ ಇರಬೇಕು. ಸವೆದದ್ದು ಯಾವುದೆಂದು ಕೈಯಿಂದ ಅಲುಗಿಸಿ ನೋಡಿ, ಖಚಿತವಾದ ಮೇಲೆ ಆ ಭಾಗವನ್ನಷ್ಟೇ ಕೊಳ್ಳಬೇಕು.

ನಿಮ್ಮ ಕಾರಿನ ವರ್ಗದಲ್ಲಿ, ಅದು ಸ್ವಿಫ್ಟ್ ಇರಲಿ, ಐ20 ಇರಲಿ, ಪೋಲೊ ಇರಲಿ, ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಎರಡೂ ಹಿಂಚಕ್ರಗಳನ್ನು ಜೋಡಿಸುವ ಟಾರ್ಷನ್ ಬೀಮ್ ಎಂಬ ಅಡ್ಡತೊಲೆ ಇರುತ್ತದೆ. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ ಈ ವಿನ್ಯಾಸದಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಕೂಡಿಕೊಂಡು ಚಕ್ರವನ್ನು ಮೇಲಿನಿಂದ ಹಿಡಿದಿರುತ್ತವೆ. ಕೆಳಗಿನಿಂದ ಹಿಡಿದಿರುವುದು ಲೋವರ್ ಆರ್ಮ್ ಮಾತ್ರ. ಈ ಆರ್ಮ್ ಒಳತುದಿಯಲ್ಲಿ ಎರಡು ರಬ್ಬರ್ ಬುಷ್‌ಗಳ (ಉಕ್ಕಿನ ಕೊಳವೆಗಳ ನಡುವೆ ರಬ್ಬರ್ ತುಂಬಿದ ಮೆತ್ತೆಗಳ) ಮೂಲಕ ಕಾರಿನ ಅಡಿಭಾಗಕ್ಕೂ, ಹೊರತುದಿಯಲ್ಲಿ ಬಾಲ್ ಜಾಯಿಂಟ್ (ಬಟ್ಟಲಿನೊಳಗೆ ಗುಂಡು ತಿರುಗುವ ಕೀಲು) ಮೂಲಕ ಚಕ್ರವನ್ನು ಹೊತ್ತ ಸ್ಟೀರಿಂಗ್ ನಕಲ್‌ಗೂ ಸೇರಿಕೊಂಡಿರುತ್ತದೆ. ತಿರುವಿನಲ್ಲಿ ಕಾರು ಒಂದು ಬದಿಗೆ ವಾಲದಂತೆ ತಡೆಯಲು ಎಡದಿಂದ ಬಲಕ್ಕೆ ಅಡ್ಡಲಾಗಿ ಸ್ಟೆಬಿಲೈಸರ್ ಬಾರ್ ಎಂಬ ಉಕ್ಕಿನ ಸರಳು ಹಾದುಹೋಗುತ್ತದೆ, ಮತ್ತು ಅದರ ತುದಿಗಳನ್ನು ಚಕ್ರದ ಭಾಗಕ್ಕೆ ಜೋಡಿಸುವ ಗೇಣುದ್ದದ ಕಡ್ಡಿಯೇ ಲಿಂಕ್. ಈ ಇಡೀ ವ್ಯವಸ್ಥೆಯಲ್ಲಿ ಉಕ್ಕು ಸವೆಯುವುದು ಅಪರೂಪ. ಸವೆಯುವುದು ಉಕ್ಕಿನ ನಡುವೆ ಕೂತಿರುವ ರಬ್ಬರ್, ಬಾಲ್ ಜಾಯಿಂಟಿನ ಒಳಗಿನ ಬಟ್ಟಲು, ಮತ್ತು ಶಾಕ್ ಅಬ್ಸಾರ್ಬರಿನ ಎಣ್ಣೆಯನ್ನು ತಡೆದು ಹಿಡಿದಿರುವ ಸೀಲ್.

ಈಗ ನಿಮ್ಮ ಶಬ್ದಗಳಿಗೆ ಬರೋಣ. ಹಂಪ್ ದಾಟುವಾಗ ಎರಡೂ ಮುಂಚಕ್ರಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಆಗ ಸ್ಟೆಬಿಲೈಸರ್ ಬಾರ್ ತನ್ನ ಬುಷ್‌ಗಳೊಳಗೆ ಸುಮ್ಮನೆ ಹೊರಳುತ್ತದೆಯೇ ಹೊರತು ತಿರುಚಿಕೊಳ್ಳುವುದಿಲ್ಲ, ಹಾಗಾಗಿ ಲಿಂಕ್‌ಗಳ ಮೇಲೆ ಹೇಳಿಕೊಳ್ಳುವಷ್ಟು ಒತ್ತಡ ಬೀಳುವುದಿಲ್ಲ. ಒಂದೇ ಚಕ್ರ ಗುಂಡಿಗೆ ಇಳಿದಾಗ ಬಾರ್ ತಿರುಚಿಕೊಳ್ಳುತ್ತದೆ, ಲಿಂಕ್ ಎಳೆತಕ್ಕೂ ಒತ್ತಡಕ್ಕೂ ಸರದಿಯಂತೆ ಸಿಲುಕುತ್ತದೆ, ಅದರ ತುದಿಯ ಸಣ್ಣ ಬಾಲ್ ಜಾಯಿಂಟ್ ಸವೆದಿದ್ದರೆ ಕಟಕಟ ಎನ್ನುತ್ತದೆ. ಗುಂಡಿಯಲ್ಲಿ ಬಂದು ಹಂಪಿನಲ್ಲಿ ಬಾರದ ಶಬ್ದ ಎಂದರೆ ನಾನು ಮೊದಲು ಕೈಹಾಕುವುದು ಲಿಂಕ್‌ಗೆ. ಬ್ರೇಕ್ ಒತ್ತಿದಾಗ ಬರುವ ಒಂಟಿ ‘ಟಕ್’ ಬೇರೆ ಕಥೆ. ಬ್ರೇಕ್ ಹಿಡಿದೊಡನೆ ಚಕ್ರ ಹಿಂದಕ್ಕೆ ಸರಿಯಲು ನೋಡುತ್ತದೆ, ಅದನ್ನು ತಡೆಯುವುದು ಲೋವರ್ ಆರ್ಮಿನ ಬುಷ್‌ಗಳು, ಅದರಲ್ಲೂ ಹಿಂಬದಿಯ ದೊಡ್ಡ ಬುಷ್. ಅದರ ರಬ್ಬರ್ ಹರಿದಿದ್ದರೆ ಆರ್ಮ್ ಒಂದಿಷ್ಟು ಸರಿದು ಕಬ್ಬಿಣಕ್ಕೆ ತಾಗಿ ಶಬ್ದ ಮಾಡುತ್ತದೆ. ಒಂದು ಪರೀಕ್ಷೆ ಸುಲಭ: ಖಾಲಿ ಜಾಗದಲ್ಲಿ ಕಾರನ್ನು ನಿಧಾನವಾಗಿ ಹಿಂದಕ್ಕೆ ಓಡಿಸಿ ಬ್ರೇಕ್ ಒತ್ತಿರಿ, ಅನಂತರ ಮುಂದಕ್ಕೆ ಓಡಿಸಿ ಒತ್ತಿರಿ. ದಿಕ್ಕು ಬದಲಾದ ಪ್ರತಿ ಸಲವೂ ಮೊದಲ ಒತ್ತಿಗೆ ‘ಟಕ್’ ಎಂದು, ಅದೇ ದಿಕ್ಕಿನ ಎರಡನೆಯ ಒತ್ತಿಗೆ ಸುಮ್ಮನಿದ್ದರೆ ಬುಷ್ ಮೇಲಿನ ಸಂಶಯಕ್ಕೆ ಒಂದಿಷ್ಟು ಬಲ ಬಂದಂತೆ. ಬ್ರೇಕ್ ಪ್ಯಾಡ್‌ಗಳು ತಮ್ಮ ಚೌಕಟ್ಟಿನಲ್ಲಿ ಸಡಿಲವಿದ್ದರೂ ಇದೇ ಬಗೆಯ ಶಬ್ದ ಬರಬಹುದು, ಆದ್ದರಿಂದ ಚಕ್ರ ಬಿಚ್ಚಿದಾಗ ಅವುಗಳ ಕ್ಲಿಪ್‌ಗಳನ್ನೂ ನೋಡಿರಿ.

ಕಿವಿಯ ತೀರ್ಪನ್ನು ಕೈಯಿಂದ ಖಚಿತಪಡಿಸಿಕೊಳ್ಳಬೇಕು. ಕಾರಿನ ಮುಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ (ಎತ್ತುವ ಕ್ರಮವನ್ನು ಮುಂದೆ ಹೇಳುತ್ತೇನೆ), ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿರಿ. ಸಡಿಲವಿದ್ದರೆ ಅದು ಬಾಲ್ ಜಾಯಿಂಟೂ ಇರಬಹುದು, ವ್ಹೀಲ್ ಬೇರಿಂಗೂ ಇರಬಹುದು. ಮಗನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೊಮ್ಮೆ ಅಲುಗಿಸಿದಾಗ ಸಡಿಲ ಮಾಯವಾದರೆ ದೋಷ ಬೇರಿಂಗಿನದು, ಉಳಿದರೆ ಬಾಲ್ ಜಾಯಿಂಟಿನದು. 3 ಮತ್ತು 9ರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಮಾತ್ರ ಸಡಿಲ ಕಂಡರೆ ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಸರಳಿನ ಹೊರತುದಿಯ ಕೀಲು, ನೋಡಬೇಕು. ಲೋವರ್ ಆರ್ಮಿನ ಬುಷ್‌ಗಳನ್ನು ಕೈಬಲದಿಂದ ಅಳೆಯಲಾಗದು. ಆರ್ಮ್ ಮತ್ತು ಅದು ಕೂತಿರುವ ಚೌಕಟ್ಟಿನ ನಡುವೆ ಉದ್ದದ ಮೀಟುಗೋಲು ಇಟ್ಟು ಮೆಲ್ಲನೆ ಮೀಟಿ, ಟಾರ್ಚ್ ಬೆಳಕಿನಲ್ಲಿ ರಬ್ಬರನ್ನು ನೋಡಬೇಕು. ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕುಗಳಿರುವುದು ವಯಸ್ಸಿನ ಗುರುತು, ಅದಕ್ಕೆ ಹೆದರಬೇಕಿಲ್ಲ. ಮೀಟಿದಾಗ ರಬ್ಬರ್ ತನ್ನ ಉಕ್ಕಿನ ಕೊಳವೆಯಿಂದ ಬೇರ್ಪಟ್ಟು ಬಾಯಿ ತೆರೆಯುತ್ತದೆಯಾದರೆ ಬುಷ್‌ನ ಆಯುಸ್ಸು ಮುಗಿದಿದೆ. ಲಿಂಕ್‌ಗೆ ಬೆರಳುಗಳೇ ಸಾಕು. ಎರಡೂ ಮುಂಚಕ್ರಗಳು ಎತ್ತಿರುವಾಗ ಬಾರ್ ತಿರುಚಿಕೊಂಡಿರುವುದಿಲ್ಲ, ಆಗ ಲಿಂಕನ್ನು ಹಿಡಿದು ಜೋರಾಗಿ ಅಲ್ಲಾಡಿಸಿದರೆ ಸವೆದ ಜಾಯಿಂಟ್ ಅಲ್ಲೇ ಟಕಟಕ ಎನ್ನುತ್ತದೆ.

ಶಾಕ್ ಅಬ್ಸಾರ್ಬರ್ ಹೋಗಿದೆಯೆಂದು ತೀರ್ಮಾನಿಸಲು ನಾನು ಮೂರು ಕುರುಹುಗಳನ್ನು ನೋಡುತ್ತೇನೆ. ಮೊದಲನೆಯದು ಎಣ್ಣೆ. ಮೈಮೇಲೆ ತೆಳ್ಳಗೆ ಧೂಳು ಅಂಟಿದ ಪಸೆ ಇದ್ದರೆ ಪರವಾಗಿಲ್ಲ, ಎಣ್ಣೆ ಗೆರೆಯಾಗಿ ಇಳಿದು ಕೆಳಗಿನ ಬೋಲ್ಟಿನವರೆಗೆ ಬಂದಿದ್ದರೆ ಸೀಲ್ ಹೋಗಿದೆ. ಎರಡನೆಯದು ಟಯರ್. ಅಂಗೈಯನ್ನು ಟಯರಿನ ಸುತ್ತ ಸವರಿದಾಗ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಸಿಕ್ಕಿದರೆ ಚಕ್ರ ರಸ್ತೆಯ ಮೇಲೆ ಕುಣಿಯುತ್ತಾ ಓಡಿದೆ ಎಂದರ್ಥ, ಆದರೆ ಬ್ಯಾಲೆನ್ಸಿಂಗ್ ತಪ್ಪಿದ್ದರೂ ಹೀಗಾಗುವುದುಂಟು. ಮೂರನೆಯದು ಹೆದ್ದಾರಿಯ ಅನುಭವ: ಸೇತುವೆಯ ಜೋಡಣೆ ದಾಟಿದ ಮೇಲೆ ಕಾರಿನ ಮೂತಿ ಒಮ್ಮೆ ಎದ್ದು ನಿಲ್ಲುವ ಬದಲು ಎರಡು ಮೂರು ಸಲ ತೂಗುತ್ತದೆಯೇ ಎಂದು ಗಮನಿಸಿರಿ. ಬಾನೆಟ್ಟಿನ ಮೂಲೆಯನ್ನು ಒತ್ತಿ ಬಿಡುವ ಪರೀಕ್ಷೆ ಬಹಳ ಜನಪ್ರಿಯ, ಆದರೆ ಪೂರ್ತಿ ಸತ್ತ ಶಾಕ್ ಅಬ್ಸಾರ್ಬರನ್ನು ಬಿಟ್ಟು ಬೇರೇನನ್ನೂ ಅದು ಹಿಡಿದುಕೊಡುವುದಿಲ್ಲ. ಮೂರೂ ಕುರುಹುಗಳು ಇಲ್ಲದಿದ್ದರೆ ಮುಂದಿನ ಶಾಕ್ ಅಬ್ಸಾರ್ಬರ್‌ಗಳನ್ನು ಈ ಸಲ ಬಿಟ್ಟುಬಿಡಬಹುದು. ಬದಲಿಸಬೇಕಾದರೆ ಎಡ ಬಲ ಎರಡನ್ನೂ ಜೊತೆಯಾಗಿಯೇ ಬದಲಿಸಬೇಕು. ಒಂದು ಹೊಸದು ಒಂದು ಹಳೆಯದಾದರೆ ಮಳೆಯಲ್ಲಿ ಬ್ರೇಕ್ ಹಿಡಿದಾಗ ಕಾರು ಎರಡು ಬದಿಗಳಲ್ಲಿ ಎರಡು ರೀತಿ ವರ್ತಿಸುತ್ತದೆ.

ಇನ್ನು ನಮ್ಮ ಕರಾವಳಿಯದೇ ಆದ ತೊಡಕು ತುಕ್ಕು. ಘಟ್ಟದ ಮೇಲಿನ ಕಾರಿನಲ್ಲಿ ಒಂದು ಗಂಟೆಯಲ್ಲಿ ಮುಗಿಯುವ ಕೆಲಸ ಇಲ್ಲಿ ಅರ್ಧ ದಿನ ತಿನ್ನುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ, ಕಡಲಿನ ಗಾಳಿ, ಸಾಲದ್ದಕ್ಕೆ ಹೆದ್ದಾರಿ 66ರಲ್ಲಿ ಮುಂದೆ ಹೋಗುವ ಮೀನಿನ ಲಾರಿಯಿಂದ ಸೋರುವ ಉಪ್ಪುನೀರು. ಉಪ್ಪು ತೇವವನ್ನು ಎಳೆದು ಹಿಡಿದುಕೊಳ್ಳುತ್ತದೆ ಮತ್ತು ಆ ತೇವದಲ್ಲಿ ವಿದ್ಯುತ್ ಸುಲಭವಾಗಿ ಹರಿಯುವಂತೆ ಮಾಡುತ್ತದೆ, ತುಕ್ಕು ಹಿಡಿಯುವುದಕ್ಕೆ ಬೇಕಾದ್ದು ಅದೇ. ಆದ್ದರಿಂದ ಬಿಡಿಭಾಗ ಕೊಳ್ಳುವುದಕ್ಕೂ ಮೊದಲು ಮಾಡಬೇಕಾದ ಇನ್ನೊಂದು ಪರೀಕ್ಷೆ ಇದೆ. ಲೋವರ್ ಆರ್ಮ್ ಕೂತಿರುವ ಚೌಕಟ್ಟು, ಹಿಂದಿನ ಬೀಮ್ ಕಾರಿಗೆ ಸೇರುವ ಜಾಗ, ಬಾನೆಟ್ ತೆರೆದಾಗ ಕಾಣುವ ಸ್ಟ್ರಟ್ಟಿನ ತಲೆಯ ಸುತ್ತಲಿನ ತಗಡು, ಈ ಮೂರು ಕಡೆ ಹಳೆಯ ಸ್ಕ್ರೂಡ್ರೈವರಿನಿಂದ ಗಟ್ಟಿಯಾಗಿ ಚುಚ್ಚಿ ನೋಡಿರಿ. ಮೇಲ್ಪದರ ಮಾತ್ರ ಉದುರಿದರೆ ಚಿಂತೆಯಿಲ್ಲ. ತಗಡು ಕುಸಿದರೆ ಅಥವಾ ತೂತಾದರೆ ಅದು ವೆಲ್ಡಿಂಗ್ ಮಾಡುವವರ ಕೆಲಸ. ಸಸ್ಪೆನ್ಷನ್ನಿಗೆ ಹೊಸ ಭಾಗ ಹಾಕುವ ಮಾತು ಅನಂತರ. ಪ್ರಸಂಗವಶಾತ್ ಒಂದು ಎಚ್ಚರಿಕೆ: ತುಕ್ಕಿಗೆ ಮದ್ದೆಂದು ಕಾರಿನ ಅಡಿಗೆಲ್ಲ ಡೀಸೆಲ್ ಅಥವಾ ಹಳೆಯ ಎಂಜಿನ್ ಆಯಿಲ್ ಹೊಡೆಸುವ ಪದ್ಧತಿಯಿದೆ. ಉಕ್ಕಿಗೆ ಅದರಿಂದ ಒಂದಿಷ್ಟು ರಕ್ಷಣೆ ಸಿಕ್ಕೀತು, ಆದರೆ ಪೆಟ್ರೋಲಿಯಂ ಎಣ್ಣೆ ಹೀರಿದ ರಬ್ಬರ್ ಬುಷ್ ಉಬ್ಬಿ, ಮೆತ್ತಗಾಗಿ, ಬೇಗ ಹರಿಯುತ್ತದೆ. ನಿಮ್ಮ ಕಾರಿಗೆ ಹಾಗೆ ಮಾಡಿಸಿದ್ದರೆ ಬುಷ್‌ಗಳ ಸ್ಥಿತಿಗೆ ಕಿಲೋಮೀಟರ್ ಒಂದೇ ಕಾರಣವಲ್ಲ.

ಕೊಳ್ಳುವಾಗ ಬುಷ್‌ಗಳನ್ನು ಬಿಡಿಯಾಗಿ ಕೊಳ್ಳುವ ಬದಲು ಬುಷ್ ಮತ್ತು ಬಾಲ್ ಜಾಯಿಂಟ್ ಕೂಡಿಸಿಯೇ ಬರುವ ಇಡೀ ಲೋವರ್ ಆರ್ಮ್ ತೆಗೆದುಕೊಳ್ಳಿರಿ. ಬುಷ್ ಮಾತ್ರ ಬದಲಿಸುವುದು ಅಗ್ಗ, ಆದರೆ ಅದಕ್ಕೆ ಹೈಡ್ರಾಲಿಕ್ ಪ್ರೆಸ್ ಬೇಕು. ಸುತ್ತಿಗೆಯಿಂದ ಹೊಡೆದು ಕೂರಿಸಿದ ಬುಷ್ ಕೂರುವಾಗಲೇ ಅರ್ಧ ಕೆಟ್ಟಿರುತ್ತದೆ. ಲಿಂಕ್ ಕೆಲವು ನೂರು ರೂಪಾಯಿಗಳ ವಸ್ತುವಾದ್ದರಿಂದ ಎಡದ್ದು ಮಾತ್ರ ಸವೆದಿದ್ದರೂ ಎರಡನ್ನೂ ಹಾಕಿಬಿಡಿ. ಹಳೆಯದನ್ನು ಅಂಗಡಿಗೆ ಕೊಂಡೊಯ್ದು ಪಕ್ಕದಲ್ಲಿಟ್ಟು ಹೋಲಿಸಿ ನೋಡುವುದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ. ಆದರೆ ಕಾರು ಬಿಚ್ಚಿಟ್ಟ ಮೇಲೆ ಅಂಗಡಿಗೆ ಹೋಗಲು ಇನ್ನೊಂದು ವಾಹನ ಬೇಕಲ್ಲ, ಹಾಗಾಗಿ ಚಾಸಿ ನಂಬರ್ ಕೊಟ್ಟು ಭಾಗದ ಸಂಖ್ಯೆಯನ್ನು ಮೊದಲೇ ಖಚಿತಪಡಿಸಿಕೊಳ್ಳಿರಿ. ಜೊತೆಗೆ ಹೊಸ ನಟ್ಟುಗಳನ್ನೂ ಕೇಳಿ ತನ್ನಿರಿ. ಒಳಗೆ ನೈಲಾನ್ ಉಂಗುರವಿರುವ ನಟ್ಟು ಒಮ್ಮೆ ಬಿಚ್ಚಿದ ಮೇಲೆ ಮತ್ತೆ ಅಷ್ಟೇ ಬಿಗಿ ಹಿಡಿಯುತ್ತದೆಂದು ನಂಬಲಾಗದು, ಸ್ಪ್ಲಿಟ್ ಪಿನ್ ಕೂಡ ಒಂದೇ ಬಳಕೆಯದು.

ಕಾರನ್ನು ಎತ್ತುವ ವಿಷಯದಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಮಾತನಾಡುತ್ತೇನೆ. ಕಾರಿನ ಜೊತೆ ಬರುವ ಜಾಕ್ ಪಂಕ್ಚರ್ ಆದ ಚಕ್ರ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನ ಅಡಿಗೆ ತಲೆಯಾಗಲಿ ಕೈಯಾಗಲಿ ಹೋಗಬಾರದು. ಒಂದು ಟ್ರಾಲಿ ಜಾಕ್ (ಗಾಲಿಗಳ ಮೇಲೆ ಉರುಳುವ ಜಾಕ್), ಜೊತೆಗೆ ಎರಡು ಟನ್ ಅಥವಾ ಅದಕ್ಕೂ ಮಿಕ್ಕ ಸಾಮರ್ಥ್ಯದ ಸ್ಟ್ಯಾಂಡ್ ಎರಡು ಬೇಕು. ನಮ್ಮ ಊರಿನ ಅಂಗಳಗಳಲ್ಲಿ ಇಂಟರ್‌ಲಾಕ್ ಹಾಸಿರುವುದು ಹೆಚ್ಚು. ಅದರ ಅಡಿಯಲ್ಲಿರುವುದು ಜಲ್ಲಿಪುಡಿ ಅಥವಾ ಮರಳು, ಮಳೆಗಾಲ ಕಳೆದ ಮೇಲೆ ಅದು ಎಲ್ಲಿ ಕೊಚ್ಚಿಹೋಗಿ ಪೊಳ್ಳಾಗಿದೆಯೆಂದು ಮೇಲಿನಿಂದ ಕಾಣುವುದಿಲ್ಲ. ಸ್ಟ್ಯಾಂಡಿನ ಸಣ್ಣ ಕಾಲುಗಳಲ್ಲೊಂದು ಅಲ್ಲಿ ಇಳಿದರೆ ಕಾರು ವಾಲುತ್ತದೆ. ಪ್ರತಿ ಸ್ಟ್ಯಾಂಡಿನ ಅಡಿಯಲ್ಲಿ ಒಂದೂವರೆ ಅಡಿ ಅಗಲದ ದಪ್ಪ ಹಲಗೆ ಅಥವಾ ಉಕ್ಕಿನ ತಗಡು ಇಟ್ಟು ಭಾರವನ್ನು ಹರಡಿಕೊಳ್ಳಿರಿ. ಕಾಂಕ್ರೀಟಿನ ಕಾರ್ ಶೆಡ್ ಇದ್ದರೆ ಇನ್ನೂ ಒಳ್ಳೆಯದು. ಎತ್ತರ ಸಾಲದೆಂದು ಮುರಕಲ್ಲನ್ನೋ ಟೊಳ್ಳು ಸಿಮೆಂಟ್ ಬ್ಲಾಕನ್ನೋ ಕಾರಿನ ಅಡಿಗೆ ಇಡುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಗೋಡೆಯಲ್ಲಿ ನೂರು ವರ್ಷ ನಿಲ್ಲುವ ಮುರಕಲ್ಲು ಒಂದೇ ಬಿಂದುವಿನ ಮೇಲೆ ಬೀಳುವ ಭಾರಕ್ಕೆ ಯಾವ ಮುನ್ಸೂಚನೆಯೂ ಇಲ್ಲದೆ ಹಿಟ್ಟಾಗುತ್ತದೆ. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಅಡಿಯಲ್ಲಿ ಮಲಗಿಸಿಡಿ, ಎಲ್ಲವೂ ಕೈಕೊಟ್ಟರೂ ಅದೊಂದು ಆಸರೆ. ಇನ್ನೊಂದು ವಿಷಯ ಬಹಳ ಮಂದಿಗೆ ಹೊಳೆಯುವುದಿಲ್ಲ. ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂಚಕ್ರಗಳನ್ನು. ಹಿಂಭಾಗವನ್ನು ಎತ್ತಿದ ಕ್ಷಣದಿಂದ ಅದು ಇದ್ದೂ ಇಲ್ಲದಂತೆ. ಆಗ ಕಾರನ್ನು ಮೊದಲನೆಯ ಗೇರಿನಲ್ಲಿಟ್ಟು ಮುಂಚಕ್ರಗಳ ಎರಡೂ ಕಡೆ ಮರದ ಅಡ್ಡೆ ಕೊಡಲೇಬೇಕು.

ಮೊದಲ ದಿನ ಲಿಂಕ್‌ಗಳನ್ನು ಬದಲಿಸಿರಿ, ಕೈ ಪಳಗುತ್ತದೆ. ನಟ್ಟು ತಿರುಗಿಸಿದಾಗ ಒಳಗಿನ ಬಾಲ್ ಜಾಯಿಂಟೂ ಜೊತೆಗೇ ತಿರುಗುತ್ತದೆ. ಅದನ್ನು ಹಿಡಿದುಕೊಳ್ಳಲು ತುದಿಯಲ್ಲಿ ಅಲೆನ್ ಕೀ ಕೂರುವ ಕುಳಿಯೋ ಹಿಂಬದಿಯಲ್ಲಿ ಸ್ಪ್ಯಾನರ್ ಕೂರುವ ಚಪ್ಪಟೆ ಭಾಗವೋ ಇರುತ್ತದೆ. ತುಕ್ಕಿನಿಂದ ಕುಳಿ ತುಂಬಿದ್ದರೆ ಮೊಳೆಯಿಂದ ಕೆರೆದು ತೆಗೆಯಿರಿ. ಅಷ್ಟಕ್ಕೂ ಜಗ್ಗದಿದ್ದರೆ ಹೇಗೂ ಎಸೆಯುವ ಲಿಂಕ್ ಅದು, ಗರಗಸದಿಂದ ಕತ್ತರಿಸಿ. ಎರಡೂ ಮುಂಚಕ್ರಗಳು ಎತ್ತಿರಬೇಕೆಂಬುದನ್ನು ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಬಾರ್ ತಿರುಚಿಕೊಂಡಿದ್ದು ಬೋಲ್ಟು ಕಳಚುವಾಗ ಚಿಮ್ಮುತ್ತದೆ. ಇದಾದ ಮೇಲೆ ಒಂದು ವಾರ ಕಾರನ್ನು ಓಡಿಸಿ ನೋಡಿರಿ ಎಂದು ಸಲಹೆ ಕೊಡುತ್ತೇನೆ. ಕಟಕಟ ನಿಂತುಹೋದರೆ ಪಟ್ಟಿಯಲ್ಲಿ ಅರ್ಧ ತನ್ನಷ್ಟಕ್ಕೆ ಅಳಿಸಿಹೋಗುತ್ತದೆ.

ಲೋವರ್ ಆರ್ಮ್ ಈ ಕೆಲಸದ ನಡುಗಂಬ. ಇಲ್ಲಿ ಅವಸರ ಬೇಡ. ಕೆಲಸದ ದಿನಕ್ಕೆ ಮೂರು ದಿನ ಮೊದಲೇ, ಪ್ರತಿ ಸಂಜೆ, ಆರ್ಮಿನ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬನ್ನಿ. ಅಂಗಡಿಯಲ್ಲಿ ಸಿಗುವ ಡಬ್ಲ್ಯುಡಿ-40 ಮೂಲತಃ ನೀರನ್ನು ಹೊರದೂಡಲೆಂದು ಮಾಡಿದ ದ್ರವ, ಹೆಸರಿನಲ್ಲೇ ಅದು ಅಡಗಿದೆ. ಹಿಡಿದುಕೊಂಡ ಬೋಲ್ಟಿಗೆ ಒಳನುಗ್ಗುವ ಎಣ್ಣೆಯೆಂದೇ ಮಾರುವ ಡಬ್ಬ ಹೆಚ್ಚು ಪ್ರಯೋಜನಕಾರಿ. ಬೋಲ್ಟನ್ನು ಒಂದೇ ಬಾರಿಗೆ ಬಿಚ್ಚಲು ಹೋಗದೆ, ಮೊದಲು ಕೂದಲೆಳೆಯಷ್ಟು ಬಿಗಿಮಾಡಿ, ಅನಂತರ ಕಾಲು ಸುತ್ತು ಸಡಿಲಿಸಿ, ಮತ್ತೆ ಹಿಂದಕ್ಕೆ ತಿರುಗಿಸಿ, ಹೀಗೆ ಹಿಂದುಮುಂದಾಗಿ ಹೊರತರಬೇಕು. ಏಕೆಂದರೆ ಅನೇಕ ಕಾರುಗಳಲ್ಲಿ ಇದರ ನಟ್ಟು ಚೌಕಟ್ಟಿನ ಒಳಗೆ ಕಣ್ಣಿಗೆ ಕಾಣದಂತೆ ವೆಲ್ಡ್ ಆಗಿರುತ್ತದೆ. ಬಲಪ್ರಯೋಗದಿಂದ ಅದರ ವೆಲ್ಡ್ ಬಿಟ್ಟಿತೆಂದರೆ ಬೋಲ್ಟು ಇದ್ದಲ್ಲೇ ಸುತ್ತುತ್ತದೆ, ಚೌಕಟ್ಟನ್ನು ಕೊರೆಯದೆ ಬೇರೆ ದಾರಿಯಿರುವುದಿಲ್ಲ. ಇನ್ನೊಂದು ಸಂಕಟವೆಂದರೆ ಬೋಲ್ಟಿನ ನಯವಾದ ಮೈ ಬುಷ್‌ನ ಒಳಕೊಳವೆಗೆ ತುಕ್ಕಿನಿಂದ ಅಂಟಿಕೊಳ್ಳುವುದು. ತಿರುಗಿಸಿದಾಗ ಬೋಲ್ಟಿನ ಜೊತೆ ರಬ್ಬರೂ ತಿರುಚುತ್ತಿದೆ, ಕೈಬಿಟ್ಟರೆ ಸ್ಪ್ಯಾನರ್ ಹಿಂದಕ್ಕೆ ಬರುತ್ತಿದೆ ಎಂದಾದರೆ ಆಗಿರುವುದು ಅದೇ. ಆ ಹಂತದಲ್ಲಿ ನಿಲ್ಲಿಸಿ, ಬಿಚ್ಚಿದ್ದನ್ನು ಮರಳಿ ಬಿಗಿಮಾಡಿ, ಕಾರನ್ನು ನಿಧಾನವಾಗಿ ಗ್ಯಾರೇಜಿಗೆ ಒಯ್ಯಿರಿ. ಅದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ, ಪೆಟ್ರೋಲ್ ಕಾರಿನ ಅಡಿಯಲ್ಲಿ ಮಲಗಿ ಕಿಡಿ ಹಾರಿಸುವ ಕೆಲಸವನ್ನು ನಾನು ಯಾರ ಮಗನಿಗೂ ಹೇಳಲಾರೆ. ಕೆಲವು ಕಾರುಗಳಲ್ಲಿ ಗೇರ್‌ಬಾಕ್ಸ್ ಬದಿಯ ಬೋಲ್ಟು ಹೊರಬರಲು ಜಾಗವೇ ಇರುವುದಿಲ್ಲ, ಎಂಜಿನ್ ಮೌಂಟ್ ಸಡಿಲಿಸಿ ಎಂಜಿನ್ನನ್ನು ಒಂದಿಷ್ಟು ಎತ್ತಬೇಕಾಗುತ್ತದೆ. ಆರಂಭಿಸುವ ಮೊದಲು ಆ ಬೋಲ್ಟಿನ ಎದುರು ಎಷ್ಟು ಖಾಲಿ ಜಾಗವಿದೆಯೆಂದು ಅಳೆದುಕೊಳ್ಳುವುದು ಜಾಣತನ.

ಹೊರತುದಿಯ ಬಾಲ್ ಜಾಯಿಂಟ್ ಅನೇಕ ಸಣ್ಣ ಕಾರುಗಳಲ್ಲಿ ನಕಲ್‌ನ ಸೀಳಿದ ಕುತ್ತಿಗೆಯೊಳಗೆ ಕೂತು ಒಂದು ಅಡ್ಡ ಬೋಲ್ಟಿನಿಂದ ಬಿಗಿಯಾಗಿರುತ್ತದೆ. ಆ ಬೋಲ್ಟು ಜಾಯಿಂಟಿನ ಕಾಂಡದಲ್ಲಿರುವ ಕಚ್ಚಿನ ಮೂಲಕ ಹಾದುಹೋಗುವುದರಿಂದ ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ಇದು ಗೊತ್ತಿಲ್ಲದೆ ಅರ್ಧ ಗಂಟೆ ಸುತ್ತಿಗೆ ಬೀಸಿದವರಿದ್ದಾರೆ. ಸೀಳಿನೊಳಗೆ ಚಪ್ಪಟೆ ಉಳಿಯನ್ನು ಮೆಲ್ಲನೆ ತಟ್ಟಿ ಬಾಯಿಯನ್ನು ತುಸು ಅಗಲಿಸಿ, ಆರ್ಮನ್ನು ಕೆಳಕ್ಕೆ ಮೀಟಿದರೆ ಜಾಯಿಂಟ್ ಬಿಡುತ್ತದೆ. ಬಿಟ್ಟೊಡನೆ ನಕಲ್ ಹೊರಕ್ಕೆ ವಾಲಿ ಡ್ರೈವ್ ಶಾಫ್ಟನ್ನು (ಎಂಜಿನ್ನಿನ ಬಲವನ್ನು ಚಕ್ರಕ್ಕೆ ಒಯ್ಯುವ ಸರಳನ್ನು) ಗೇರ್‌ಬಾಕ್ಸ್ ಕಡೆಯ ಜಾಯಿಂಟಿನಿಂದ ಎಳೆಯದಂತೆ ಹಗ್ಗದಿಂದ ಕಟ್ಟಿಡಬೇಕು. ಬ್ರೇಕ್ ಹೋಸ್ ಮೇಲೂ, ಚಕ್ರದ ಸೆನ್ಸರ್ ವಯರ್ ಇದ್ದರೆ ಅದರ ಮೇಲೂ ಭಾರ ಬೀಳಬಾರದು.

ಹೊಸ ಆರ್ಮ್ ಕೂರಿಸುವಾಗ ಬೋಲ್ಟಿನ ನಯವಾದ ಮೈಗೆ ತೆಳ್ಳಗೆ ಗ್ರೀಸ್ ಸವರಿರಿ, ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ಹರಸುತ್ತಾರೆ. ನಟ್ಟು ಕೂರುವ ಥ್ರೆಡ್‌ಗಳಿಗೆ ಮಾತ್ರ ಸವರಬೇಡಿ, ಟಾರ್ಕ್ ರೆಂಚ್ (ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರ್) ತೋರಿಸುವ ಬಿಗಿ ಅದರಿಂದ ಹುಸಿಯಾಗುತ್ತದೆ. ಇನ್ನು ಮುಂದಿನದು ಇಡೀ ಉತ್ತರದಲ್ಲಿ ನಾನು ಅತಿ ಮುಖ್ಯವೆಂದು ತಿಳಿದಿರುವ ಮಾತು. ಬುಷ್‌ನ ರಬ್ಬರ್ ತನ್ನ ಒಳಕೊಳವೆಗೂ ಹೊರಕೊಳವೆಗೂ ಅಂಟಿಕೊಂಡಿರುತ್ತದೆ. ಬೋಲ್ಟನ್ನು ಬಿಗಿಮಾಡಿದಾಗ ಒಳಕೊಳವೆ ಚೌಕಟ್ಟಿಗೆ ಕಚ್ಚಿಕೊಂಡು ಸ್ಥಿರವಾಗುತ್ತದೆ. ಅಲ್ಲಿಂದಾಚೆ ಚಕ್ರ ಮೇಲೆ ಕೆಳಗೆ ಆಡಿದಾಗಲೆಲ್ಲ ನಡುವಿನ ರಬ್ಬರ್ ತಿರುಚಿ ಸರಿಹೊಂದಿಸಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಬಿಗಿಮಾಡಿದರೆ ರಬ್ಬರಿನ ವಿಶ್ರಾಂತಿಯ ಸ್ಥಿತಿ ಅದೇ ಎಂದಾಗುತ್ತದೆ, ಕಾರು ನೆಲಕ್ಕಿಳಿದೊಡನೆ ಅದು ತಿರುಚಿಕೊಂಡು ಹಗಲಿರುಳು ಹಾಗೆಯೇ ಉಳಿಯುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕಸುಬಿಗಿಳಿದ ಹೊಸತರಲ್ಲಿ ನನ್ನ ಸ್ವಂತ ಕಾರಿಗೇ ನಾನು ಹೀಗೆ ಮಾಡಿಕೊಂಡು, ಬಿಡಿಭಾಗವೇ ಕಳಪೆಯೆಂದು ಅಂಗಡಿಯವರೊಡನೆ ಜಗಳವಾಡಿದ್ದೇನೆ. ಸರಿಯಾದ ಕ್ರಮವೆಂದರೆ, ಕೆಲಸ ಆರಂಭಿಸುವ ಮೊದಲೇ ಸಮತಟ್ಟು ನೆಲದಲ್ಲಿ ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಅಂತರವನ್ನು ಅಳೆದು ಬರೆದಿಡಬೇಕು. ಆರ್ಮಿನ ಬೋಲ್ಟುಗಳನ್ನು ಕೈಬಿಗಿಯಷ್ಟು ಕೂರಿಸಿ, ಬಾಲ್ ಜಾಯಿಂಟಿನ ಸಮೀಪ ಆರ್ಮಿನ ಅಡಿಗೆ ಜಾಕ್ ಕೊಟ್ಟು ಆ ಅಂತರ ಮರಳಿ ಬರುವವರೆಗೆ ಎತ್ತಬೇಕು, ಕೊನೆಯ ಬಿಗಿ ಆಗ ಕೊಡಬೇಕು. ಎತ್ತುವಾಗ ಕಾರು ಸ್ಟ್ಯಾಂಡಿನಿಂದ ಮೇಲೇಳದಂತೆ ಮಗ ಕಣ್ಣಿಟ್ಟಿರಲಿ.

ಎಷ್ಟು ಬಿಗಿ ಎಂಬುದು ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್ ಹೇಳುವ ಸಂಖ್ಯೆಯೇ ಹೊರತು ಅಂದಾಜಲ್ಲ. ಅಂದಾಜಿಗೊಂದು ಅಳತೆ ಬೇಕಿದ್ದರೆ, ಅರ್ಧ ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 20 ಕಿಲೋ ಭಾರದಷ್ಟು ಒತ್ತಿದಾಗ ಸಿಗುವುದು ಸುಮಾರು 100 ನ್ಯೂಟನ್ ಮೀಟರ್. ಸಣ್ಣ ಕಾರಿನ ಚಕ್ರದ ನಟ್ಟುಗಳಿಗೆ ಸಾಮಾನ್ಯವಾಗಿ 80ರಿಂದ 110 ನ್ಯೂಟನ್ ಮೀಟರ್ ಬೇಕಾಗುತ್ತದೆ. ಟಾರ್ಕ್ ರೆಂಚ್ ಕೊಳ್ಳಲು ಮನಸ್ಸಿಲ್ಲದಿದ್ದರೆ ಎರಡು ದಿನದ ಮಟ್ಟಿಗೆ ಎರವಲು ತನ್ನಿರಿ.

ಮುಂದಿನ ಸ್ಟ್ರಟ್ ಬದಲಿಸಲೇಬೇಕಾಗಿ ಬಂದರೆ, ಅನೇಕ ಕಾರುಗಳಲ್ಲಿ ನಕಲ್‌ಗೆ ಸೇರುವ ಎರಡು ಬೋಲ್ಟುಗಳ ಸ್ಥಾನವನ್ನು ಪೇಂಟಿನಿಂದ ಗುರುತು ಮಾಡಿಕೊಂಡು, ಬ್ರೇಕ್ ಹೋಸಿನ ಕ್ಲಿಪ್ ಬಿಡಿಸಿ, ಬಾನೆಟ್ಟಿನ ಅಡಿಯ ಸುತ್ತಲಿನ ನಟ್ಟುಗಳನ್ನು ತೆಗೆದು ಇಡೀ ಕಂಬವನ್ನು ಇಳಿಸಬಹುದು. ನಟ್ಟನಡುವೆ ಇರುವ ಒಂಟಿ ನಟ್ಟನ್ನು ಮಾತ್ರ ಮುಟ್ಟಬೇಡಿ. ಸ್ಪ್ರಿಂಗನ್ನು ಅದುಮಿ ಹಿಡಿದಿರುವುದು ಅದೊಂದೇ. ಒಂದು ಟನ್ ತೂಗುವ ಸಣ್ಣ ಕಾರಿನ ಭಾರದಲ್ಲಿ ನೂರಕ್ಕೆ ಸುಮಾರು 60 ಮುಂಭಾಗದಲ್ಲಿರುತ್ತದೆ, ಅಂದರೆ ನೆಲದ ಮೇಲೆ ನಿಂತಾಗ ಒಂದೊಂದು ಸ್ಪ್ರಿಂಗ್ ಹೊತ್ತಿರುವುದು ಹತ್ತಿರ ಹತ್ತಿರ 300 ಕಿಲೋ. ಕಾರಿನಿಂದ ಇಳಿಸಿದ ಮೇಲೂ ಅದು ಪೂರ್ತಿ ಸಡಿಲಗೊಂಡಿರುವುದಿಲ್ಲ, ಒತ್ತಿಕೊಂಡೇ ಕೂತಿರುತ್ತದೆ. ಉದ್ದದ ಎರಡು ಬೋಲ್ಟುಗಳ ಅಗ್ಗದ ಸ್ಪ್ರಿಂಗ್ ಕಂಪ್ರೆಸರ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ತುಕ್ಕು ಹಿಡಿದ ಸ್ಪ್ರಿಂಗಿನ ಮೇಲೆ ಅದರ ಕೊಕ್ಕೆ ಜಾರಿದರೆ ಎದುರಿಗಿದ್ದವರ ಮುಖ ಉಳಿಯುವುದಿಲ್ಲ. ಎರಡೂ ಕಂಬಗಳನ್ನು ಹೊಸ ಶಾಕ್ ಅಬ್ಸಾರ್ಬರ್, ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಕವಚಗಳ ಸಮೇತ ಗೋಡೆಗೆ ಬಿಗಿದ ಕಂಪ್ರೆಸರ್ ಇರುವ ಗ್ಯಾರೇಜಿಗೆ ಕೊಂಡೊಯ್ಯಿರಿ. ಅವರಿಗೆ ಅದು ಸಣ್ಣ ಕೆಲಸ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ‘ಟೊಂಯ್’ ಎಂದು ಜಿಗಿಯುತ್ತಿದ್ದರೆ ಮೇಲಿನ ಬೇರಿಂಗ್ ಹಿಡಿದುಕೊಂಡಿದೆಯೆಂದು ತಿಳಿಯಿರಿ. ಹಳೆಯ ಮೌಂಟಿಗೆ ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿ ಉಳಿತಾಯ ಮಾಡಲು ಹೋದರೆ ಅದೇ ಕೂಲಿ ಇನ್ನೊಮ್ಮೆ ಕೊಡಬೇಕಾಗುತ್ತದೆ.

ಹಿಂದಿನ ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿನಿಂದ ಪ್ರತ್ಯೇಕವಾಗಿರುವುದರಿಂದ ಮೇಲೊಂದು ಕೆಳಗೊಂದು ಬಿಚ್ಚಿದರೆ ಕೆಲಸ ಮುಗಿಯಿತು. ಬೀಮಿನ ಆ ತುದಿಗೆ ಜಾಕ್ ಆಸರೆ ಕೊಟ್ಟು ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಬೇಕು. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಬೀಮ್ ಜೋತುಬಿದ್ದು ಸ್ಪ್ರಿಂಗ್ ಕಳಚಿ ಬೀಳುತ್ತದೆ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆ. ಕೆಳಗಿನ ಬೋಲ್ಟಿಗೂ ರಬ್ಬರ್ ಬುಷ್ ಇರುತ್ತದೆ, ಅದರ ಕೊನೆಯ ಬಿಗಿಗೂ ಮೇಲೆ ಹೇಳಿದ ಎತ್ತರದ ನಿಯಮವೇ.

ಟೈ ರಾಡ್ ಎಂಡನ್ನು 3 ಮತ್ತು 9ರ ಪರೀಕ್ಷೆಯಲ್ಲಿ ಸಡಿಲ ಸಿಕ್ಕಿದರೆ ಮಾತ್ರ ಬದಲಿಸಿರಿ. ಹಳೆಯದನ್ನು ಎಷ್ಟು ಸುತ್ತು ತಿರುಗಿಸಿ ಬಿಚ್ಚಿದಿರೋ ಅಷ್ಟೇ ಸುತ್ತು ತಿರುಗಿಸಿ ಹೊಸದನ್ನು ಕೂರಿಸಿದರೆ, ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಅಂಗಡಿಯವರೆಗೆ ಕಾರು ನೇರವಾಗಿ ಹೋಗುತ್ತದೆ. ಲೋವರ್ ಆರ್ಮ್ ಅಥವಾ ಸ್ಟ್ರಟ್ ಬದಲಾದ ಮೇಲೆಯೂ ಅಲೈನ್‌ಮೆಂಟ್ ಮಾಡಿಸಲೇಬೇಕು. ಕೆಲವು ದಿನ ಓಡಿಸಿ, ಬೋಲ್ಟುಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಿ, ಟಯರುಗಳ ಗಾಳಿ ಸಮಮಾಡಿಕೊಂಡು ಹೋಗಿರಿ. ಮೊದಲಿನ ಮತ್ತು ಅನಂತರದ ಅಳತೆಗಳ ಮುದ್ರಿತ ಹಾಳೆಯನ್ನು ಕೇಳಿ ಪಡೆಯಿರಿ. ಕಾರು ನೇರ ಓಡುವಾಗ ಸ್ಟೀರಿಂಗ್ ಓರೆಯಾಗಿ ನಿಂತರೆ ಎರಡೂ ಬದಿಯ ಟೈ ರಾಡ್‌ಗಳನ್ನು ಸಮನಾಗಿ ತಿರುಗಿಸಿ ಸರಿಪಡಿಸಲು ಹೇಳಬೇಕು. ಸ್ಟೀರಿಂಗ್ ಚಕ್ರವನ್ನೇ ಕಳಚಿ ಒಂದು ಹಲ್ಲು ಆಚೆ ಕೂರಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಹಾಗೆ ಮಾಡಿದರೆ ಓರೆ ಕಣ್ಣಿಗೆ ಮರೆಯಾಗುತ್ತದೆ, ಎಡಕ್ಕೂ ಬಲಕ್ಕೂ ಕಾರು ತಿರುಗುವ ಪ್ರಮಾಣದಲ್ಲಿ ವ್ಯತ್ಯಾಸ ಉಳಿದೇ ಇರುತ್ತದೆ.